ಕಾಡುಪಾಪದ ಕಣ್ಣೀರು

ಲಷ್ಕರ್ ಮೊಹಲ್ಲಾ, ಮೈಸೂರು
ಬುಧವಾರ, ೧೨ ನವೆಂಬರ್ ೧೯೫೮

ಪ್ರೀತಿಯ ಅವ್ವನಿಗೆ,

ಕ್ಷೇಮ ಎಂದು ಬರೆಯಲು ಕೂತೆ; ಆ ಮಾತು ಲೇಖನಿಯಿಂದ ಇಳಿಯಲಿಲ್ಲ. ಈ ಕಾಗದವನ್ನು ಅಪ್ಪನ ಕೈಲಿ ಓದಿಸಬೇಡ. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ನಿಧಾನವಾಗಿ ನೀನೇ ಓದು.

ದಸರೆಗೆ ಬಂದಾಗ ಮಹದೇವಯ್ಯ ಪಂಡಿತನಿಂದ ನನ್ನ ಕಣ್ಣಿಗೆ ಔಷಧಿ ತಂದುಕೊಟ್ಟಿದ್ದೆಯಲ್ಲ, ಅದು ಮುಗಿದಿತ್ತು. ಈ ಭಾನುವಾರ ಗಂಡಿನವರು ಬರುವಷ್ಟರಲ್ಲಿ ನಾನು ಕನ್ನಡಕವಿಲ್ಲದೆ ನೆಟ್ಟಗೆ ನಡೆದು ಅವರಿಗೆಲ್ಲ ಕಾಫಿ ಕೊಡುವಂತಾಗಲಿ ಎಂಬುದು ನಿನ್ನ ಆಸೆ. ಹುಡುಗಿ ಬಿ.ಎ. ಓದಿ ಕಣ್ಣು ಕಳಕೊಂಡಿದ್ದಾಳೆ ಎಂದು ಹಿಂದೊಂದು ಸಂಬಂಧದವರು ಎದ್ದು ಹೋದದ್ದು ನನಗೂ ನೆನಪಿದೆ. ಸರೋಜ ಚಿಕ್ಕವ್ವನಿಗೆ ಮೈ ಸರಿಯಿಲ್ಲದ್ದರಿಂದ ನಿನ್ನೆ ಕಣ್ಣಿನ ಔಷಧಿ ತರಲು ನಾನೇ ಹೋದೆ.

ಅಂಗಡಿಯ ಮುಂದೆ ಯಾರೂ ಇರಲಿಲ್ಲ. "ಒಳಕ್ಕೇ ಬರ್ರವ್ವ, ಇತ್ಲಲ್ಲಿ ಇವ್ನಿ" ಎಂದು ಹಿತ್ತಲಿನಿಂದ ಪಂಡಿತನ ದನಿ ಬಂತು. ಹೋದೆ.

ಗೂಟಕ್ಕೆ ಒಂದು ಕಾಡುಪಾಪವನ್ನು ಕಟ್ಟಿದ್ದ. ನಾನು ಅದನ್ನು ನೋಡಿದ್ದು ಅದೇ ಮೊದಲು. ಬಾಲವಿಲ್ಲ, ಕಡ್ಡಿಯಂಥ ಕೈಕಾಲು, ಮುಖದ ತುಂಬ ದುಂಡನೆಯ ಕಣ್ಣು. ಪಂಡಿತ ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಹೊಗೆಯನ್ನು ಅದರ ಮುಖಕ್ಕೆ ಬೀಸುತ್ತಿದ್ದ. ಅದು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿತು. ಮಕ್ಕಳು ಮುಚ್ಚಿಕೊಳ್ಳುತ್ತಾರಲ್ಲ, ಹಾಗೇ. ಅವನು ಆ ಕೈಗಳನ್ನು ಬಿಡಿಸಿ, ಇಳಿದ ನೀರನ್ನು ಹತ್ತಿಗೆ ಒತ್ತಿಕೊಂಡು ಸೀಸೆಯೊಳಕ್ಕೆ ಹಿಂಡಿದ.

ಅವ್ವಾ, ನಾನು ಇಷ್ಟು ದಿನ ಬೆಳಿಗ್ಗೆ ಸಂಜೆ ಕಣ್ಣಿಗೆ ಬಿಟ್ಟುಕೊಂಡದ್ದು ಅದನ್ನೇ.

"ಯಾಕ್ರವ್ವ ಅಂಗೆ ನಿಂತ್ಬುಟ್ರಿ? ರಾತ್ರಿವೊತ್ತು ಎಂಗ್ ಕಾಣುತ್ತೆ ಗೊತ್ತಾ ಇದ್ರ ಕಣ್ಣು! ಆ ಸಕ್ತಿ ನಿಮ್ ಕಣ್ಣಿಗೆ ಬತ್ತದೆ" ಎಂದು ನಕ್ಕ. ಕೆಟ್ಟವನ ನಗುವಲ್ಲ ಅದು. ಕಷಾಯ ಕುದಿಸುವವನು ಗಿರಾಕಿಯನ್ನು ನೋಡಿ ನಗುವ ಹಾಗೆ ನಕ್ಕ. ನೀರು ಬತ್ತಿದ ಮೇಲೆ ಇದನ್ನು ಏನು ಮಾಡುತ್ತೀರಿ ಎಂದೆ. "ಏನ್ ಮಾಡೋದು, ಇನ್ನೊಂದ ತತ್ತೀನಿ. ಈಗ ಅದೇ ಕಷ್ಟ ಕಣವ್ವ. ನಿಮ್ ಇಲವಾಲದ ಕಡೆ ಬೇಲಿಬೇಲೀಲೂ ಇದ್ವು, ಈಗ ಹುಡುಕುದ್ರೂ ಒಂದಿಲ್ಲ. ಇದು ಮಂಡಕಳ್ಳಿ ಆಚೆಯಿಂದ ಬಂದಿದ್ದು."

ನಮ್ಮೂರ ಬೇಲಿಯಲ್ಲಿ ಇದ್ದವಂತೆ! ನಾನು ಹುಟ್ಟಿ ಬೆಳೆದ ಊರು. ನಾನು ಒಂದನ್ನೂ ನೋಡಲಿಲ್ಲ. ನೋಡುವ ಮೊದಲೇ ಎಲ್ಲವೂ ಸೀಸೆಗೆ ಇಳಿದುಹೋದವು.

ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಚುವವಳು ನಾನು, ನಿನಗೆ ಗೊತ್ತು. ಆದರೆ ನೆಲಕ್ಕೆ ಕೂತು ಅದರ ಸೊಂಟದ ದಾರ ಬಿಚ್ಚಿಬಿಟ್ಟೆ. ಸೆರಗಿನಲ್ಲಿ ಸುತ್ತಿಕೊಂಡು ಎದ್ದೆ. ಅವನು ತಡೆಯಲಿಲ್ಲ. "ತಕೊಂಡೋಗಿ ಏನ್ ಮಾಡ್ತೀರಿ ತಾಯಿ? ಅದಕ್ಕೆ ಕಣ್ಣೇ ಕಾಣಕಿಲ್ಲ ಈಗ" ಎಂದ, ಬೆರಗಿನಿಂದ.

ಅದು ನಿಜ. ದೀಪ ಹಿಡಿದರೆ ರೆಪ್ಪೆ ಬಡಿಯುವುದಿಲ್ಲ. ಮರಕ್ಕೆ ಬಿಟ್ಟುಬರೋಣವೆಂದು ಹೊರಟಿದ್ದೆ; ಹುಳ ಹಿಡಿದು ತಿನ್ನಲಾರದ್ದನ್ನು ಎಲ್ಲಿಗೆ ಬಿಡಲಿ? ಅಕ್ಕಿ ಕೇರುವ ಮೊರ ಮುಚ್ಚಿ ಬುಟ್ಟಿಯಲ್ಲಿಟ್ಟಿದ್ದೇನೆ. ಹಿತ್ತಲಲ್ಲಿ ಮಿಡತೆ ಹಿಡಿದು ಬಾಯಿಗೆ ಹಿಡಿಯುತ್ತೇನೆ. ಚಿಕ್ಕವ್ವ ಬೆಳಿಗ್ಗೆಯಿಂದ ಬೈಯುತ್ತಿದ್ದಾರೆ: "ಗಂಡಿನೋರು ಬರೋ ಮನೇಲಿ ಇದೆಂಥ ಅನಿಷ್ಟವೇ! ಮೊದ್ಲು ಎಸೆದ್ಬುಟ್ಟು ಸ್ನಾನ ಮಾಡು. ನಿಮ್ಮವ್ವಂಗೆ ನಾನ್ ಏನು ಉತ್ತರ ಹೇಳ್ಲಿ?"

ಉತ್ತರ ನಾನೇ ಬರೆಯುತ್ತಿದ್ದೇನೆ. ಇವತ್ತು ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿದೆ. ಶನಿವಾರ ಕನ್ನಡಕ ಸಿಗುತ್ತದೆ, ಭಾನುವಾರ ಅದನ್ನು ಹಾಕಿಕೊಂಡೇ ಕಾಫಿ ಕೊಡುತ್ತೇನೆ. ಗಂಡಿನವರು ಎದ್ದು ಹೋದರೆ ಹೋಗಲಿ. ನೀನು ಅಳುತ್ತೀಯ, ಗೊತ್ತು. ಆದರೆ ಊರಿನಲ್ಲಿ ಕಣ್ಣು ಮಂಜಾದವರಿಗೆಲ್ಲ ನೀನೇ ಈ ಔಷಧಿ ಹೇಳಿದ್ದೀಯ; ಇನ್ನು ಹೇಳಬೇಡ. ದೇವಿರಮ್ಮನ ಮನೆಯ ಸೀಸೆಯನ್ನೂ ಚೆಲ್ಲಿಸು. ಹೊಲದ ಬೇಲಿ ಸವರಬೇಡಿ ಎಂದು ಅಪ್ಪನಿಗೆ ಹೇಳು. ಎಲ್ಲೋ ಒಂದು ಉಳಿದಿದ್ದರೆ ಅದಕ್ಕೆ ಜಾಗವಿರಲಿ.

ಇಂತು, ಇಂದಿಗೂ ನಿನ್ನವಳೇ ಆದ
ಕಮಲ

ತಾ.ಕ. ಇದನ್ನು ಬರೆಯಬಾರದೆಂದೇ ಹೆಸರು ಹಾಕಿ ಮುಗಿಸಿದ್ದೆ. ನಾನು ಹೊಸಲು ದಾಟುವಾಗ ಪಂಡಿತ ಇನ್ನೊಂದು ಮಾತು ಹೇಳಿದ: "ನಿಮ್ಮವ್ವಾರು ನಿಮ್ಮಂಗಲ್ಲ ಬುಡಿ, ಗಟ್ಟಿಗಿತ್ತಿ. ದಸರೇಲಿ ನಾನೊಬ್ನೇ ಇದ್ದೆ, ಇದ್ರ ಕೈ ಎರಡೂ ಅವ್ರೇ ಇಡ್ಕೊಂಡಿದ್ರು." ಅವ್ವಾ, ಅವನು ಸುಳ್ಳು ಹೇಳಿದ ಎಂದು ಮಾತ್ರ ಬರೆಯಬೇಡ. ನೀನು ಬರೆದರೆ ನಾನು ನಂಬಿಬಿಡುತ್ತೇನೆ.