ದೊಡ್ಡಮ್ಮನ ನಕ್ಷೆಯನ್ನು ತಿರುಗಿಸಿದವರಿಗೆ

ಪ್ರಾದೇಶಿಕ ಯೋಜನಾ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ರಸ್ತೆಗಾಗಿ ನೀವು ಎಬ್ಬಿಸಿದ ಹದಿನೆಂಟು ಕುಟುಂಬಗಳಿಗೆ ನೀರು ನಿಲ್ಲುವ ತಗ್ಗಿನಲ್ಲಿ ಮನೆ ಕಟ್ಟಿಸಿಕೊಟ್ಟಿರಿ. ಮೊದಲ ಮಳೆಗೇ ಒಳಗೆ ಮೊಣಕಾಲುದ್ದ ನೀರು ಬಂತು. ಕಾರಣ ಕೇಳಿದರೆ, ಆ ಜಾಗ ತೋರಿಸಿದ್ದು ನನ್ನ ದೊಡ್ಡಮ್ಮ ಎಂದು ಮೊಹರು ಒತ್ತಿ ಉತ್ತರಿಸಿದಿರಿ. ಆ ಉತ್ತರ ಸುಳ್ಳು. ಇದನ್ನೇ ವಿವರಿಸಿ ಬರೆದ ಮೂರು ಪತ್ರಗಳು ನಿಮ್ಮ ಕಡತದಲ್ಲಿ ಸುಖವಾಗಿ ನಿದ್ರಿಸುತ್ತಿರುವುದರಿಂದ ನಾಲ್ಕನೆಯದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ದೊಡ್ಡಮ್ಮ ಶಾಲೆ ಕಂಡವಳಲ್ಲ. ವಯಸ್ಸು ಎಪ್ಪತ್ತಾರು. ನಮ್ಮಲ್ಲಿ ಯಾರೇ ಪಾಯ ತೋಡುವ ಮುಂಚೆ ಅವಳನ್ನು ಕರೆಯುತ್ತಿದ್ದರು. ಅವಳು ಬರಿಗಾಲಲ್ಲಿ ಆ ಜಾಗವನ್ನೆಲ್ಲ ತುಳಿದು, ಚಿಟಿಕೆ ಮಣ್ಣು ನಾಲಿಗೆಗಿಟ್ಟು ಉಗಿದು, ಆಗುತ್ತೆ ಅಥವಾ ಆಗಲ್ಲ ಎನ್ನುತ್ತಿದ್ದಳು. ತನ್ನ ಅತ್ತೆಯಿಂದ ಕಲಿತ ವಿದ್ಯೆ. ಐವತ್ತು ವರ್ಷಗಳಲ್ಲಿ ಅವಳು ಆಗುತ್ತೆ ಎಂದ ಒಂದು ಮನೆಯೂ ಬಿರುಕು ಬಿಟ್ಟಿಲ್ಲ. ನಿಮ್ಮ ಕಚೇರಿಯ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಬೆರಳು ತೂರುವಂಥ ಬಿರುಕಿದೆ. ಅದರ ಅರ್ಧ ಮುಚ್ಚುವಂತೆ ಪ್ರಶಸ್ತಿಪತ್ರ ತೂಗುಹಾಕಿದ್ದೀರಿ. ಪ್ರಶಸ್ತಿ ಯಾವುದಕ್ಕೆಂದು ಓದಿದೆ: ಮೂಲನಿವಾಸಿಗಳ ಜ್ಞಾನದ ಬೆಳಕಿನಲ್ಲಿ ಗ್ರಾಮೀಣ ಯೋಜನೆಯ ಮರುಚಿಂತನೆಗೆ.

ಆ ಮರುಚಿಂತನೆ ನಡೆದ ದಿನ ನಾನೂ ಇದ್ದೆ. ಸಮುದಾಯ ಭವನದಲ್ಲಿ ನಿಮ್ಮವರು ಐದು ಜನ, ನಮ್ಮವರು ಒಂಬತ್ತು ಜನ. ಮನೆ ಕಳೆದುಕೊಳ್ಳಲಿದ್ದ ಹದಿನೆಂಟು ಕುಟುಂಬಗಳಲ್ಲಿ ಒಬ್ಬರೂ ಇರಲಿಲ್ಲ. ಅವರನ್ನು ಕರೆಯಲು ನೀವು ಮರೆತಿದ್ದಿರಿ. ದೊಡ್ಡಮ್ಮನಿಗೆ ಬರುವ ಮನಸ್ಸೇ ಇರಲಿಲ್ಲ. ಯಂತ್ರ ಇಟ್ಟುಕೊಂಡವರಿಗೆ ನನ್ನ ಕಾಲು ಯಾಕೆ ಬೇಕು ಎಂದಿದ್ದಳು. ಓದಿದವರು ಕೊನೆಗೂ ಕೇಳಲು ಬಂದಿದ್ದಾರೆ, ಹೇಳದಿದ್ದರೆ ತಪ್ಪಾಗುತ್ತದೆ ಎಂದು ಒಪ್ಪಿಸಿದವಳು ನಾನು.

ಅವಳು ನೆಲದ ಮೇಲೆ ಕೂತು ಬೂದಿ ಹರಡಿ ಬೆರಳಲ್ಲಿ ಊರು ಬರೆದಳು. ನಮ್ಮಲ್ಲಿ ಊರು ಬರೆಯುವುದಕ್ಕೆ ಒಂದೇ ಕ್ರಮ. ನೀರು ಎಲ್ಲಿಂದ ಬರುತ್ತದೋ ಅದು ದೂರದ ತುದಿ. ಎಲ್ಲಿಗೆ ಹೋಗುತ್ತದೋ ಅದು ಬರೆಯುವವರ ಮೊಣಕಾಲ ಬಳಿ. ನೀರು ತನ್ನೆಡೆಗೆ ಬರುವಂತೆ ಕೂತರೆ ಮಾತ್ರ ಅದು ಎಲ್ಲಿ ತಡೆಯುತ್ತದೆ, ಎಲ್ಲಿ ಮಲಗುತ್ತದೆ ಎಂದು ಕಾಣುತ್ತದೆ. ದೂರದ ದಿಣ್ಣೆಯ ಮೇಲೆ ಅವಳು ಐದು ಕಲ್ಲಿಟ್ಟು, ಮನೆ ಇಲ್ಲಿ ಎಂದಳು. ಮೊಣಕಾಲ ಬಳಿಯ ಬೂದಿಯನ್ನು ಅಂಗೈಯಿಂದ ಒರೆಸಿ, ಇಲ್ಲಿ ಮಾತ್ರ ಬೇಡ ಎಂದಳು. ನಿಮ್ಮ ಕಿರಿಯ ಅಧಿಕಾರಿ ಅವಳ ಬೆನ್ನ ಹಿಂದೆ ನಿಂತು ಫೋಟೊ ತೆಗೆದುಕೊಂಡ. ನಮ್ಮ ನೀರು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಅಂದಮೇಲೆ ಚಿತ್ರದ ಮೇಲ್ತುದಿ ದಕ್ಷಿಣ. ನಿಮ್ಮ ಕಚೇರಿ ಅದೇ ಮೇಲ್ತುದಿಗೆ ಉತ್ತರದ ಬಾಣ ಬಿಡಿಸಿತು. ದಿಣ್ಣೆಯ ಮೇಲಿನ ಐದು ಕಲ್ಲು ತಗ್ಗಿಗೆ ಇಳಿದವು.

ಇದನ್ನು ಯಾರೂ ಹೇಳಲಿಲ್ಲವೇ ಎಂದು ಕೇಳುತ್ತೀರಿ. ಹೇಳಲಿಲ್ಲ. ತಗ್ಗಿನಲ್ಲಿ ಗೋಡೆ ಏಳುವಾಗಲೂ, ಅಳೆದೇ ಕಟ್ಟುತ್ತಿದ್ದಾರೆ ಎಂದುಕೊಂಡೆವು. ನಕ್ಷೆಯನ್ನು ಬೇರೆ ರೀತಿಯಲ್ಲೂ ಹಿಡಿಯಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಿಮ್ಮಲ್ಲೂ ಹೊಳೆಯಲಿಲ್ಲ. ವ್ಯತ್ಯಾಸ ಇಷ್ಟೇ: ನಮಗೆ ಗೊತ್ತಿಲ್ಲದ್ದು ಅಜ್ಞಾನ, ನಿಮಗೆ ಗೊತ್ತಿಲ್ಲದ್ದು ತಾಂತ್ರಿಕ ಅನುಮೋದನೆ. ನೆಲದ ಮಟ್ಟ ಅಳೆಯುವ ನಿಮ್ಮ ಯಂತ್ರ ಆಗ ಎಲ್ಲಿತ್ತು? ಕಡತದಲ್ಲಿ ನಾನೇ ಓದಿದ್ದೇನೆ: ಸ್ಥಳೀಯ ಜ್ಞಾನ ಲಭ್ಯವಿರುವುದರಿಂದ ಮಟ್ಟದ ಅಳತೆ ಅಗತ್ಯವಿಲ್ಲ. ಅಂದರೆ ನೀವು ದೊಡ್ಡಮ್ಮನನ್ನು ನಂಬಲಿಲ್ಲ, ಅವಳ ಹೆಸರಿನಲ್ಲಿ ಒಂದು ಕೆಲಸ ಉಳಿಸಿಕೊಂಡಿರಿ. ಕವಿತೆ ಓದುವವಳು ನಾನು. ಯಾವ ಸಾಲನ್ನೂ ಹೇಳುವವರು ಎಲ್ಲಿ ನಿಂತು ಹೇಳುತ್ತಿದ್ದಾರೆಂದು ನೋಡದೆ ಅರ್ಥ ಹಚ್ಚುವುದಿಲ್ಲ. ಆದರೂ ನಿಮ್ಮ ಬಣ್ಣದ ಪ್ರತಿ ಮೇಜಿನ ಮೇಲೆ ಬಂದಾಗ, ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ.

ಹೊಸ ಬಡಾವಣೆಯ ಬಾಗಿಲಲ್ಲಿ ಹಲಗೆ ನೆಟ್ಟಿರಿ: ಹಿರಿಯರ ಪಾರಂಪರಿಕ ಜ್ಞಾನದಿಂದ ಆಯ್ದ ನಿವೇಶನ. ಕೆಳಗೆ ದೊಡ್ಡಮ್ಮನ ಮುಖ. ಮಳೆಯ ಆ ವಾರ, ಅಲ್ಲಿ ಮನೆ ಪಡೆದಿದ್ದ ದರ್ಜಿಯ ತಂದೆ, ಹಾಸಿಗೆ ಹಿಡಿದಿದ್ದ ಮುದುಕ, ಮೂರು ದಿನ ಒದ್ದೆ ಮಂಚದ ಮೇಲಿದ್ದು ಎದೆ ಕಟ್ಟಿ ಸತ್ತ. ಮಾರನೆಯ ದಿನ ಹಲಗೆಯ ಮೇಲಿನ ಮುಖಕ್ಕೆ ಯಾರೋ ಕೆಸರು ಮೆತ್ತಿದ್ದರು. ದೊಡ್ಡಮ್ಮ ಸಾವಿನ ಮನೆಗೆ ಹೋದಾಗ ದರ್ಜಿಯ ಹೆಂಡತಿ ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, "ನೀವೇ ಆರಿಸಿದ ಮನೆ ಅಲ್ವಾ ಅಜ್ಜಿ? ಬನ್ನಿ, ಮಾವ ಮಲಗಿದ್ದ ಮಂಚ ಖಾಲಿ ಇದೆ, ಒಂದು ದಿನ ಮಲಗಿ ನೋಡಿ" ಎಂದಳು. ಅವಳನ್ನು ದೂರುವ ಧೈರ್ಯ ನನಗಿಲ್ಲ. ನಿಮ್ಮ ಹಲಗೆಯ ಮಾತನ್ನು ಅವಳು ನಂಬಿದ್ದಳು, ಅಷ್ಟೆ.

ನಿಮ್ಮ ಉತ್ತರ ಬಂದದ್ದು ಇದಾದ ಮೇಲೆ. ಸ್ಥಳೀಯ ಜ್ಞಾನದಲ್ಲಿ ಸಹಜವಾಗಿಯೇ ಇರುವ ಅನಿಶ್ಚಿತತೆಗೆ ಕಚೇರಿ ಹೊಣೆಯಲ್ಲ. ಎಂಥ ಸುಸಂಸ್ಕೃತ ವಾಕ್ಯ! ಪ್ರಶಸ್ತಿ ತೆಗೆದುಕೊಳ್ಳುವಾಗ ಈ ಅನಿಶ್ಚಿತತೆ ಎಲ್ಲಿ ಅಡಗಿತ್ತು?

ಹೋದ ತಿಂಗಳು ಬಡಗಿಯೊಬ್ಬ ಪಾಯ ನೋಡಲು ಕರೆಯಬಂದ. "ಆಫೀಸಲ್ಲಿ ಕೇಳಪ್ಪ" ಎಂದು ದೊಡ್ಡಮ್ಮ ಗೋಡೆಗೆ ತಿರುಗಿ ಮಲಗಿದಳು. ಕಲ್ಲು ಎಲ್ಲಿಟ್ಟೆಯೆಂದು ನಾನು ಕಣ್ಣಾರೆ ಕಂಡಿದ್ದೇನೆ, ತಪ್ಪು ನಿನ್ನದಲ್ಲ ಎಂದು ಎಷ್ಟು ಹೇಳಿದರೂ ಅವಳ ಕಿವಿಗೆ ಇಳಿಯುತ್ತಿಲ್ಲ.

"ಅಷ್ಟು ಜನ ಓದಿದವರು ಸುಳ್ಳು ಬರೀತಾರೇನೇ? ನಾನೇ ಕಲ್ಲು ತಗ್ಗಲ್ಲಿ ಇಟ್ಟಿರಬೇಕು. ಆ ಮುದುಕನ್ನ ನಾನೇ ಕೊಂದೆ ಕಣೆ."

ಮಾನ್ಯರೇ, ನೀವು ತೆಗೆದುಕೊಂಡದ್ದು ಇದನ್ನು. ಜಾಗ ಹೋದರೆ ಇನ್ನೊಂದು ಜಾಗವಿದೆ. ತನ್ನ ಕಾಲು ತಿಳಿದದ್ದನ್ನೇ ನಂಬದ ಹೆಂಗಸಿಗೆ ಇನ್ನೊಂದು ಕಾಲು ಎಲ್ಲಿಂದ ತರಲಿ?

ಮಳೆಗೆ ಇನ್ನು ಏಳು ವಾರವಿದೆ. ಅಷ್ಟರೊಳಗೆ ಹದಿನೆಂಟು ಮನೆಯವರನ್ನು ದಿಣ್ಣೆಗೆ ಸಾಗಿಸಿ; ತಗಡಿನ ಶೆಡ್ ಆದರೂ ಸರಿ. ಅದಕ್ಕೆ ಸಮಿತಿ ಬೇಕು ಎನ್ನುತ್ತೀರಿ, ಗೊತ್ತು. ಸಮಿತಿ ಬೇಡದ ಇನ್ನೊಂದು ಕೆಲಸವಿದೆ. ನೀವೇ ಬನ್ನಿ, ಕಿರಿಯನನ್ನು ಕಳಿಸಬೇಡಿ. ದರ್ಜಿಯ ಮನೆಯ ಮುಂದೆ, ಆ ಹೆಂಡತಿಯೂ ದೊಡ್ಡಮ್ಮನೂ ಕೇಳುವಂತೆ, ನಕ್ಷೆಯನ್ನು ನಾವು ತಲೆಕೆಳಗಾಗಿ ಹಿಡಿದೆವು ಎಂಬ ಒಂದೇ ವಾಕ್ಯವನ್ನು ಗಟ್ಟಿಯಾಗಿ ಹೇಳಿ. ಬೇಗ ಬನ್ನಿ. ದೊಡ್ಡಮ್ಮ ಊಟ ಬಿಟ್ಟು ಇಂದಿಗೆ ನಾಲ್ಕು ದಿನ.

ಇಂತಿ,
ನಿಮ್ಮ ಸಭೆಗೆ ಅವಳನ್ನು ಕೈಹಿಡಿದು ಕರೆತಂದ,
ಸಹಿ ಹಾಕಿಕೊಟ್ಟ ತಂಗಿಮಗಳು