ಸೋಮವಾರದ ಹಂದಿಮರಿ

ಲಫಾಯೆಟ್, ಲೂಯಿಸಿಯಾನ
ನವೆಂಬರ್, ಮಂಗಳವಾರ

ಯೂಲಾಲಿ ಅಕ್ಕಾ,

ನಿನಗೂ, ಭಾವನಿಗೂ, ನಿನ್ನ ಜಗಳಗಂಟಿ ಬೆಕ್ಕಿಗೂ ಈ ತಮ್ಮನ ಪ್ರೀತಿ. ಭಾನುವಾರ ಆಟ ಮುಗಿದ ಮೇಲೆ ಫೋನಿನಲ್ಲಿ ನೀನು ನಕ್ಕಿದ್ದೇ ನಕ್ಕಿದ್ದು. ನಮ್ಮ ತಂಡದ ಬೆಟ್ಟದಂಥ ಟಿಬೋ, ಎದುರು ತಂಡದಲ್ಲಿ ಚೆಂಡು ಹಿಡಿದು ಓಡುತ್ತಿದ್ದ ನಿನ್ನ ಮಗ ರೆಮಿಯನ್ನು ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಹುಲ್ಲಿನ ಮೇಲೆ ಮಲಗಿಸಿದನಲ್ಲ, ಅದಕ್ಕೆ. ನಗಬೇಡ. ನಡೆದದ್ದೇ ಬೇರೆ.

ನಾನು ಈ ತಂಡಕ್ಕೆ ಅಡುಗೆ ಮಾಡುವುದು ನಿನಗೆ ಗೊತ್ತು. ಆಟದ ಮರುದಿನ ಸೋಮವಾರ ಒಂದು ಇಡೀ ಹಂದಿಮರಿ ಸುಡುವುದೂ ಗೊತ್ತು. ಯಾರಿಗೆ ಅಂತ ಮಾತ್ರ ಹೇಳಿರಲಿಲ್ಲ. ಎದುರಾಳಿಯನ್ನು ಸ್ಟ್ರೆಚರ್ ಮೇಲೆ ಕಳಿಸಿದವನಿಗೆ ಅದು. ಅವನು ಮೇಜಿನ ತುದಿಯ ಗೌರವದ ಕುರ್ಚಿಯಲ್ಲಿ ಕೂರುತ್ತಾನೆ, ಗರಿಗರಿ ಚರ್ಮವೆಲ್ಲ ಅವನದೇ. ಅಂಥ ಏಟಿಗೆ ಹಣ ಕೊಡಬಾರದೆಂದು ಲೀಗಿನ ನಿಯಮ. ನಮ್ಮ ಕೋಚ್ ಗ್ರಿಮ್ಸ್ ಹೇಳುತ್ತಿದ್ದ, "ದುಡ್ಡು ಕೊಟ್ರೆ ತಪ್ಪು ಕಣಯ್ಯ. ಊಟ ಹಾಕಿದ್ರೆ ಪುಣ್ಯ." ಆ ಪುಣ್ಯದಲ್ಲಿ ನನಗೂ ಪಾಲು ಎಂದುಕೊಂಡು ಖಾರ ಸವರುತ್ತಿದ್ದೆ.

ಹೋದ ವಾರ ಟಿಬೋ ಅಡುಗೆಮನೆಗೆ ಬಂದ.

"ಮಾಮ, ಈ ಸಲ ಬೆಳ್ಳುಳ್ಳಿ ಜಾಸ್ತಿ ತುಂಬು. ಹಂದಿ ನಂದೇ."

"ಆಟಾನೇ ಆಗಿಲ್ವಲ್ಲೋ ಹೊಟ್ಟೆಬಾಕ."

"ಆ ಮೂವತ್ನಾಲ್ಕನೇ ನಂಬರ್‌ನವ್ನಿಗೆ ಎಡ ಮಂಡಿ ಆಪರೇಷನ್ ಆಗಿದ್ಯಂತೆ. ಅಲ್ಲಿಗೇ ಹೊಡಿ ಅಂದಿದಾರೆ ಕೋಚು."

ಕೈಯಲ್ಲಿದ್ದ ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು. "ಅವ್ನು ನಮ್ಮಕ್ಕನ ಮಗ ಕಣೋ" ಎಂದೆ.

ಟಿಬೋ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತ. ಆಮೇಲೆ ಮೆಲ್ಲಗೆ ಕೇಳಿದ, "ಹೋದ್ ತಿಂಗ್ಳು ನಾನು ಕಾಲ್ ಮುರಿದ್ನಲ್ಲ, ಅವ್ನು ಯಾರಕ್ಕನ ಮಗ ಮಾಮ? ಅವತ್ತು ನೀನೇ ನಂಗೆ ಕರ್ದು ಕರ್ದು ಬಡಿಸ್ದೆ."

ನನ್ನ ಬಾಯಿ ನಿನಗೆ ಗೊತ್ತಲ್ಲ, ಸಾವಿನ ಮನೆಯಲ್ಲೂ ನಾಲ್ಕು ಜನರನ್ನು ನಗಿಸಿಯೇ ಬರುವಂಥದು. ಅವತ್ತು ಅದರಿಂದ ಬಂದದ್ದು "ನಾನು ಕೇಳ್ಲೇ ಇಲ್ಲ ಕಣೋ" ಅಷ್ಟೇ.

ನಿನ್ನೆ ಸೋಮವಾರ, ಅಮ್ಮ ಮಾಡುತ್ತಿದ್ದ ಹಾಗೆ ಕೆಂಪು ಬೀನ್ಸ್ ಕಾಳು ಬೇಯಿಸಿ ಅನ್ನದ ಮೇಲೆ ಸುರಿದೆ. ಎಲ್ಲರಿಗೂ ಒಂದೇ ಸೌಟು.

ಕೋಚ್ ಬಂದು ನೋಡಿದ. "ಹಂದಿ ಎಲ್ಲಯ್ಯ?"

"ಅದ್ರ ಮಂಡಿ ಸರಿಯಿಲ್ಲ ಕೋಚ್, ಈ ವಾರ ಆಡಲ್ಲ."

ಹುಡುಗರೆಲ್ಲ ಬಟ್ಟಲು ಬಡಿದು ನಕ್ಕರು.

"ಮುಂದಿನ್ ವಾರ?"

"ಮುಂದಿನ್ ವಾರಾನೂ ಆಡಲ್ಲ. ಅದ್ಕೂ ಒಬ್ಳು ತಾಯಿ ಇದಾಳೆ."

ಈ ಸಲ ಯಾರೂ ನಗಲಿಲ್ಲ. ಕಾಳು ಮಾತ್ರ ಚೆನ್ನಾಗಿ ಬೆಂದಿತ್ತು.

ರೆಮಿಗೆ ಇದೇನೂ ಹೇಳಬೇಡ. ಟಿಬೋನ ಏಟಿನಿಂದ ಮಂಡಿ ಉಳಿಸಿಕೊಳ್ಳುವಷ್ಟು ತಾನು ಚುರುಕು ಎಂದೇ ಅವನು ತಿಳಿದುಕೊಂಡಿರಲಿ.

ನಿನ್ನ ತಲೆಹರಟೆ ತಮ್ಮ,
ಆಲ್ಸೀಡ್

ಮರೆತಿದ್ದೆ: ನಿನ್ನ ಸೋಫಾ ಖಾಲಿ ಮಾಡಿಡು. ನನ್ನ ಚಾಕುಗಳನ್ನೆಲ್ಲ ಕಟ್ಟಿಕೊಂಡು ಬರುತ್ತಿದ್ದೇನೆ, ಕೋಚ್ ಮತ್ತೆ ಬರಲೇಬೇಡ ಎನ್ನುವಷ್ಟು ದೊಡ್ಡ ರಜೆ ಕೊಟ್ಟಿದ್ದಾನೆ. ಮಂಡಿಗೆ ಹೊಡೆಯದ ಟಿಬೋನಿಗೂ ಒಂದು ವಾರದ್ದು ಸಿಕ್ಕಿದೆ, ಕಾರು ಅವನದೇ. ದಾರಿಯಲ್ಲಿ ಲೇಕ್ ಚಾರ್ಲ್ಸ್ ಊರಿನಲ್ಲಿ, ಹೋದ ತಿಂಗಳು ಟಿಬೋ ಕಾಲು ಮುರಿದ ಆ ಹುಡುಗನ ಮನೆಯಿದೆ, ಬಾಗಿಲು ತೆಗೆಯುವುದು ಅವನ ತಾಯಿಯಂತೆ. ಒಳಗೆ ಬಿಟ್ಟರೆ ಶನಿವಾರ ತಲುಪುತ್ತೇವೆ. ಬಿಡದಿದ್ದರೆ ಶುಕ್ರವಾರವೇ.