ಎಡಗಡೆಗೆ ಬಂದ ಹೆಡ್‌ಲೈಟ್ ಸ್ವಿಚ್

ಅಪ್ಪಾ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಗ್ಯಾರೇಜಿಗೆ ಹೊರಟೆ. ಟೀ ಫ್ಲಾಸ್ಕಲ್ಲಿದೆ.

ಕಾರಿನ ಹೆಡ್‌ಲೈಟ್ ಸ್ವಿಚ್ಚನ್ನ ಸ್ಟಿಯರಿಂಗ್ ಬಲಗಡೆಯಿಂದ ತೆಗೆದು, ನಿನ್ನೆ ಮಧ್ಯಾಹ್ನವೇ ಎಡಗಡೆ ರೇಡಿಯೊ ಪಕ್ಕ ಕೂರಿಸಿದೆ. ಹಳೇ ತೂತಿಗೆ ರಬ್ಬರ್ ಬಿರಡೆ ಹಾಕಿದ್ದೀನಿ, ಕೀಳೋಕೆ ಹೋಗಬೇಡ.

"ಯಾವ ಪುಣ್ಯಾತ್ಮ ಇದನ್ನ ಕೈಗೆ ಸಿಗದ ಜಾಗದಲ್ಲಿ ಇಟ್ನೋ" ಅಂತ ತಿಂಗಳಿಂದ ಬೈತಿದ್ದೀಯ. ನನಗೆ ಡ್ರೈವಿಂಗ್ ಕಲಿಸಿದ್ದು ಇದೇ ಕಾರಲ್ಲಿ ಅಪ್ಪಾ. ಆಗಲೂ ಸ್ವಿಚ್ ಅಲ್ಲೇ ಇತ್ತು, ಕತ್ತಲಲ್ಲೂ ನೋಡದೇ ಒತ್ತುತ್ತಿದ್ದೆ ನೀನು. ಆದರೂ ನಿನ್ನ ಜೊತೆ ವಾದ ಮಾಡೋದಕ್ಕಿಂತ ವೈರ್ ಎಳೆಯೋದೇ ಸುಲಭ ಅನ್ನಿಸ್ತು.

ಆಮೇಲೆ ಸಂಜೆ ನೋಡಿದೆ. ನೀನು ಅಂಗಿ ಗುಂಡಿ ಎಡಗೈಯಲ್ಲೇ ಹಾಕ್ಕೊಳ್ಳೋಕೆ ಒದ್ದಾಡ್ತಿದ್ದೆ. ಹೊಸಿಲು ದಾಟುವಾಗ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳೀತು, ನಿನಗೆ ಗೊತ್ತೇ ಆಗಲಿಲ್ಲ.

ಒಂಬತ್ತಕ್ಕೆ ರಜೆ ಹೇಳಿ ವಾಪಸ್ ಬರ್ತೀನಿ, ಡಾಕ್ಟರ ಹತ್ತಿರ ಹೋಗೋಣ. ರೆಡಿಯಾಗಿರು, ನೆಪ ಹೇಳಬೇಡ. ಅಷ್ಟರಲ್ಲಿ ಏನಾದರೂ ಅನ್ನಿಸಿದರೆ ಪಕ್ಕದ ಮನೆ ಅತ್ತೇನ ಕೂಗು, ಹೇಳಿದ್ದೀನಿ.

ಕಾರಿನ ಕೀ ಹುಡುಕಬೇಡ, ನನ್ನ ಹತ್ತಿರ ಇದೆ. ಬೈದುಕೋ, ಪರವಾಗಿಲ್ಲ. ಸ್ವಿಚ್ಚಾದರೆ ಎಡಗಡೆಗೆ ತಂದೆ, ಬ್ರೇಕನ್ನ ಎಲ್ಲಿಗೆ ತರಲಿ?